ಅಡ್ಡ ಬೀಳದ ಆ್ಯಪ್

ನಮ್ಮ ಅಕ್ಕನ ಗಂಡ, ಅಂದರೆ ನನ್ನ ಭಾವ, ಮಾತಾಡುವುದು ಅಡ್ಡ, ಸ್ಕೂಟರ್ ನಿಲ್ಲಿಸುವುದು ಅಡ್ಡ. ಪುತ್ತೂರಿನ ಮನೆಯಲ್ಲೇ ಕೂತು ಅವರು ಮಾಡುವ ಮೊಬೈಲ್ ಆ್ಯಪ್ ಮಾತ್ರ ಜಪ್ಪಯ್ಯ ಅಂದರೂ ಅಡ್ಡ ಆಗುವುದಿಲ್ಲ! ನೀವು ಫೋನನ್ನು ಹೇಗೆ ಬೇಕಾದರೂ ಹಿಡಿಯಿರಿ, ಪರದೆ ತಿರುಗದಂತೆ ಮೊದಲೇ ಲಾಕ್ ಮಾಡಿರುತ್ತಾರೆ. ಯಾಕೆಂದು ಕೇಳಿದರೆ, “ಅಡ್ಡ ಬೀಳುದು ದೇವರಿಗೆ. ಫೋನ್ ಎಂತಕ್ಕೆ ಬೀಳ್ಬೇಕು?” ಅನ್ನುತ್ತಾರೆ.

ಅಡಿಕೆ ದರದ ಆ್ಯಪ್ ಮಾಡಿದಾಗ ಕಡಬದ ಕೃಷಿಕರೊಬ್ಬರು ಫೋನ್ ಮಾಡಿದರು. “ಎಂತ ಮಾರಾಯ್ರೆ, ಅಡ್ಡ ಹಿಡಿದ್ರೂ ಅಕ್ಷರ ದೊಡ್ಡ ಆಗುದಿಲ್ಲ?”

“ಬಿದ್ದ ದರ ಹೇಗೆ ನೋಡಿದ್ರೂ ಬಿದ್ದದ್ದೇ!” ಎಂದರು ಭಾವ.

ಯಕ್ಷಗಾನದ ವಿಡಿಯೊ ಆ್ಯಪಿನಲ್ಲಂತೂ ಇಡೀ ರಂಗಸ್ಥಳ ಬೆಂಕಿಪೊಟ್ಟಣದಷ್ಟಾಯಿತು. ಮಾಡಿಸಿದವರು ಮನೆಗೇ ಬಂದರು.

“ಅಲ್ಲ ಸ್ವಾಮಿ, ಇಷ್ಟು ಸಣ್ಣ ರಾಕ್ಷಸನಿಗೆ ಯಾರು ಹೆದರುದು?”

“ಮಕ್ಕಳು ಹೆದರುದಿಲ್ಲ. ಒಳ್ಳೆಯದೇ ಅಲ್ವಾ?”

ಆ ಕೆಲಸ ಕೈಬಿಟ್ಟುಹೋಯಿತು. “ಇವರ ತಲೆಗೇ ಲಾಕ್ ಬಿದ್ದಿದೆ, ನೀನಾದ್ರೂ ಬಂದು ಹೇಳು” ಎಂದು ಅಕ್ಕ ನನ್ನನ್ನು ಕರೆಸಿದಳು.

ಹೋಗಿ ನೋಡಿದರೆ ಮನೆಯಲ್ಲಿ ಬೇರೆಯೇ ರಗಳೆ! ಭಾವನ ಅಮ್ಮ, ನಮಗೆಲ್ಲ ಅತ್ತೆ, ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಒಂದೇ ಮಗ್ಗುಲಲ್ಲಿ ಮಲಗಿದ್ದರು. ಗುಂಡ್ಯದಲ್ಲಿರುವ ಅವರ ತಂಗಿ ದಿನಾ ವಿಡಿಯೊ ಕಾಲ್ ಮಾಡುತ್ತಿದ್ದರು. ಮಲಗಿದವರು ಮುಖಕ್ಕೆ ನೇರವಾಗಿ ಫೋನ್ ಹಿಡಿದರೆ ಆ ಪೆದ್ದು ಫೋನಿಗೇನು ಗೊತ್ತು? ತನ್ನನ್ನು ಅಡ್ಡ ಮಾಡಿದರೆಂದು ಅದು ಚಿತ್ರವನ್ನು ತಿರುಗಿಸಿಬಿಡುತ್ತಿತ್ತು. ಅತ್ತೆಯ ಕಣ್ಣಿಗೆ ತಂಗಿಯೂ ಮಲಗಿದ ಹಾಗೆ ಕಾಣುತ್ತಿತ್ತು!

“ಅವಳೂ ಹಾಸಿಗೆ ಹಿಡಿದಿದ್ದಾಳೆ. ನೀವೆಲ್ಲ ನನ್ನತ್ರ ಸುಳ್ಳು ಹೇಳುದು” ಎಂದು ಅತ್ತೆ ಅಳುತ್ತಿದ್ದರು. ಎಷ್ಟು ಬಿಡಿಸಿ ಹೇಳಿದರೂ ನಂಬಲಿಲ್ಲ, ಎರಡು ದಿನದಿಂದ ಊಟವನ್ನೂ ಬಿಟ್ಟಿದ್ದರು. ಫೋನಿನ ಸೆಟ್ಟಿಂಗ್ ಬದಲಿಸಿಟ್ಟರೆ ಅವರ ಬೆರಳು ತಾಗಿ ಮತ್ತೆ ಮೊದಲಿನಂತೆ ಆಗುತ್ತಿತ್ತು.

ನಾನು ಹೋದ ದಿನ ಭಾವ ಅಮ್ಮನಿಗೆಂದೇ ಒಂದು ವಿಡಿಯೊ ಕಾಲ್ ಆ್ಯಪ್ ಮಾಡುತ್ತಿದ್ದರು. ಸಂಜೆ ಅದನ್ನು ಫೋನಿಗೆ ಹಾಕಿ, ಗುಂಡ್ಯಕ್ಕೆ ಕಾಲ್ ಮಾಡಿ ಅತ್ತೆಯ ಕೈಗೆ ಕೊಟ್ಟರು. ಪರದೆ ಒಂದಿಷ್ಟೂ ತಿರುಗಲಿಲ್ಲ.

“ಅಕ್ಕಾ, ಊಟ ಮಾಡುದಿಲ್ಲವಂತೆ?” ಎಂದು ತಂಗಿ ಗದರಿದರು.

ಅತ್ತೆ ಕಣ್ಣು ಒರೆಸಿ ಒರೆಸಿ ನೋಡಿದರು. “ಅಬ್ಬ, ಅಂತೂ ಎದ್ದು ಕೂತಿಯಲ್ಲ ಮಾರಾಯ್ತಿ!”

ಭಾವ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ಬುದ್ಧಿ ಹೇಳಲು ಬಂದ ನನಗೆ ಅವರಿಗೇ ಅಡ್ಡ ಬೀಳಬೇಕು ಅನ್ನಿಸಿತು.

“ನೀನೇ ಎದ್ದ ಮೇಲೆ ನನಗೆಂತ? ನಾನೂ ಏಳ್ತೇನೆ” ಎಂದ ಅತ್ತೆ, ಅಕ್ಕನತ್ತ ನೋಡಿ ಗಂಜಿ ಕೇಳಿದರು.