ಮೂರು ಬೆರಳಿನ ಅಪ್ಪಣೆ

ಪಾರಿಸಣ್ಣನ ದನಿ ಮನುಷ್ಯಮಾತ್ರದವರ ದನಿಯಲ್ಲ. ಉಗಾರ ಖುರ್ದದ ತನ್ನ ಹೊಲದಲ್ಲಿ ನಿಂತು ಎತ್ತಿಗೆ "ಹೋ" ಎಂದರೆ, ಕೃಷ್ಣೆಯ ಆಚೆ ದಂಡೆಯಲ್ಲಿ ಯಾರದೋ ಎತ್ತುಗಳು ಗಕ್ಕನೆ ನಿಲ್ಲುತ್ತವೆಂದು ಪ್ರತೀತಿ. ಒಮ್ಮೆ ಆತ ಕಬ್ಬಿನ ನಡುವಿನಿಂದ "ಚಹಾ" ಎಂದು ಕೂಗಿದಾಗ ಮೂರು ಮನೆಗಳ ಒಲೆಯ ಮೇಲೆ ನೀರು ಏರಿತಂತೆ. ಅದರಲ್ಲೊಂದು ಮನೆಯ ಗಂಡ ಊರಲ್ಲೇ ಇರಲಿಲ್ಲ!

ಇಂಥ ಮಹಾಪುರುಷ ನಿಪ್ಪಾಣಿಯಲ್ಲಿ ಹತ್ತು ದಿನದ ಯೋಗ ಶಿಬಿರ ಮುಗಿಸಿ, ಕೈಯಲ್ಲೊಂದು ನೀಲಿ ಡೈರಿ ಹಿಡಿದು ಬಂದ. ದಿನಾ ಬೆಳಿಗ್ಗೆ ಅದರಲ್ಲಿ ಅಂದಿನ ಸಂಕಲ್ಪ ಬರೆಯಬೇಕು. ಆಮೇಲೆ ಆಸನ. ಆಮೇಲೆ ನಲವತ್ತೆಂಟು ನಿಮಿಷ ಮೌನಧ್ಯಾನ. ಮರುದಿನವೇ ಬರೆದ: "ಇಂದು ಏನೇ ಆಗಲಿ, ನಾನು ದನಿ ಎತ್ತುವುದಿಲ್ಲ." ಬರೆದು ಸುಮ್ಮನಿರದೆ ಹೆಂಡತಿಗೆ ಓದಿಯೂ ಹೇಳಿದ. ಮಾಡಿನ ಪಾರಿವಾಳಗಳೆಲ್ಲ ಹಾರಿಹೋದವು.

"ಓದೂದರ ಸಾವಕಾಶ ಓದ್ರಿ. ಎಮ್ಮಿ ಹಾಲು ಏರಿಸಿಕೊಂತು," ಎಂದಳು ಕುಸುಮ, ಖಾಲಿ ಚರಿಗೆ ಹಿಡಿದು.

"ನೀ ನೋಡಾಕತ್ತಿರು. ಇವತ್ತಿಂದ ನಾ ಬ್ಯಾರೆ ಮನಶ್ಯಾ."

"ಆಗ್ರಿ, ಯಾರು ಬ್ಯಾಡಂದ್ರು? ಆದ್ರ ಈಗ ಕಬ್ಬು ಕಡಿಯೋ ಗ್ಯಾಂಗ್ ಬರತೈತಿ. ಬದುವಿನ ಈ ಕಡೆದು ಕಡಿಯೋದು. ಆ ಕಡೆದು ಬೀಜದ್ದು. ಅಷ್ಟು ತೋರಿಸಿಕೊಟ್ಟು, ಆಮ್ಯಾಲೆ ಎಷ್ಟರ ಕಣ್ಣು ಮುಚ್ಕೋರಿ."

"ಬದುವಿನ ಮ್ಯಾಲೇ ಕುಂಡ್ರತೇನಿ. ನನ್ನ ದಾಟಿ ಯಾಂವ ಹೋಗ್ತಾನ?"

ಆ ಬೀಜದ ಕಬ್ಬು ಕುಸುಮಳ ಜೀವ. ಹೊಸ ತಳಿ. ಇನ್ನೊಂದು ತಿಂಗಳಿಗೆ ಬೋರಗಾಂವದಲ್ಲಿ ಅವಳ ಅಣ್ಣ ಅಭಿನಂದನನ ಹೊಲದಲ್ಲಿ ನಾಟಿಯಾಗಬೇಕು; ಅದಕ್ಕೂ ಮೊದಲೇ ಕಡಿದರೆ ಒಣಗಿ ಬೀಜಕ್ಕೆ ಬಾರದು. ತವರಿಗೆ ಏನನ್ನೂ ಒಯ್ಯದವಳು ಎಂಬ ಅತ್ತಿಗೆಯ ಮಾತನ್ನು ಆ ಕಬ್ಬಿನಿಂದಲೇ ಮುಚ್ಚಿಸುವುದೆಂದು ಎಂಟು ತಿಂಗಳಿಂದ ಕಾದಿದ್ದಳು.

ಹೊಲದ ಮನೆಯಲ್ಲಿ ಐದನೆಯ ರೊಟ್ಟಿ ತಟ್ಟುವಾಗ ಕಬ್ಬು ಕಡಿಯುವ ಕೊಯ್ತಾಗಳ ಸಪ್ಪಳ ಕೇಳಿಸಿತು. ಕಚ್, ಕಚ್, ಕಚ್. ಕುಸುಮಳ ಕೈ ನಿಂತಿತು. ಸಪ್ಪಳ ಬರುತ್ತಿದ್ದುದು ಬದುವಿನ ಆ ಕಡೆಯಿಂದ. ಒಲೆಯ ಮೇಲಿನ ರೊಟ್ಟಿಯನ್ನು ಅದರ ಹಣೆಬರಹಕ್ಕೆ ಬಿಟ್ಟು, ಹಿಟ್ಟಿನ ಕೈಯಲ್ಲೇ ಓಡಿದಳು.

ಬದುವಿನ ಮೇಲೆ ಪದ್ಮಾಸನದಲ್ಲಿ ಪಾರಿಸಣ್ಣ. ಕಣ್ಣು ತೆರೆದಿವೆ, ನೀರು ಧಾರಾಕಾರ. ಎದುರಿಗೆ ಇಪ್ಪತ್ತು ಜನ ಬೀಜದ ಕಬ್ಬನ್ನು ಬುಡಸಮೇತ ಮಲಗಿಸುತ್ತಿದ್ದಾರೆ. ಪಕ್ಕದಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಬಂದ ಗ್ಯಾಂಗಿನ ಮುಖಂಡ, ಮುಕಾದಮ ನಾಮದೇವ, ಭಕ್ತಿಯಿಂದ ಕೈ ಮುಗಿದು ನಿಂತಿದ್ದಾನೆ.

"ಇದನ್ನ ಕಡೀರಿ ಅಂತ ಯಾರು ಹೇಳಿದ್ರೋ ನಿಮಗ?"

"ಮಾಲಕರ ಹೇಳ್ಯಾರ, ವಹಿನಿ. ಎಲ್ಲಿಂದ ಸುರು ಮಾಡ್ಲಿ ಅಂತ ಕೇಳಿದ್ನಿ. ಕಣ್ಣ ಮುಚ್ಚೇ ಮೂರು ಬೆರಳು ತೋರಿಸಿದ್ರು."

ಕುಸುಮ ಗಂಡನ ಕೈ ನೋಡಿದಳು. ಮೊಣಕಾಲ ಮೇಲೆ ಚಿನ್ಮುದ್ರೆ. ಹೆಬ್ಬೆರಳಿಗೆ ತೋರುಬೆರಳು ಕೂಡಿದೆ, ಉಳಿದ ಮೂರೂ ಬೆರಳು ಬೀಜದ ಕಬ್ಬಿನ ಕಡೆಗೆ ಬಾಣದ ಹಾಗೆ ನಿಂತಿವೆ.

"ಬ್ಯಾರೆ ಮಾಲಕರು ಒಂದೇ ಬೆರಳು ತೋರಸ್ತಾರ," ನಾಮದೇವ ವಿವರಿಸಿದ. "ಇವರು ಮೂರು ತೋರಿಸಿದ್ರು. ಭಾಳ ಅರ್ಜೆಂಟ್ ಐತಿ ಅಂತ ಇಪ್ಪತ್ತೂ ಮಂದಿನ್ನ ಇಲ್ಲೇ ಇಳಿಸಿದ್ನಿ. ಆಮ್ಯಾಲೆ ಕಣ್ಣು ತೆರೆದು ಕೈ ಹಿಂಗ ಆಡಿಸಿದ್ರು, ಈ ತುದಿಯಿಂದ ಆ ತುದಿ ಸಫಾ ಮಾಡು ಅಂತ. ಚೀಟಿನೂ ಬರೆದು ಕೊಟ್ಟಾರ."

ಅಂಗಿಯ ಕಿಸೆಯಿಂದ ಚೀಟಿ ತೆಗೆದು ಕಣ್ಣಿಗೊತ್ತಿಕೊಂಡು ಕೊಟ್ಟ. ಡೈರಿಯ ಹಾಳೆ. "ನಿಲ್ಲಿಸು, ಮೂರ್ಖಾ, ಬೀಜದ್ದು!" ಎಂದು ಅಚ್ಚ ಕನ್ನಡದಲ್ಲಿತ್ತು. ನಾಮದೇವನಿಗೆ ಓದಲು ಬರುವುದು ಮರಾಠಿ ಮಾತ್ರ. ಸಾಧುಗಳು ಮಂತ್ರ ಬರೆದು ಕೊಟ್ಟರೆಂದು ಎದೆಯ ಹತ್ತಿರ ಇಟ್ಟುಕೊಂಡಿದ್ದ.

"ನಿಲ್ಲಸ್ರೋ!" ಎಂದು ಕುಸುಮ ಕೂಗಿದಳು.

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳಿಗೆ ಕೂಗುವ ಸರದಿಯೇ ಬಂದಿರಲಿಲ್ಲ. ಕೂಡಿಟ್ಟದ್ದೆಲ್ಲ ಒಂದೇ ಸಲ ಹೊರಬಿತ್ತು. ಕೊಯ್ತಾಗಳು ಗಾಳಿಯಲ್ಲೇ ನಿಂತವು. ಪಕ್ಕದ ಹೊಲದಿಂದ ಕಸ್ತೂರೆವ್ವ, ಧೂಳಪ್ಪ ಓಡಿ ಬಂದರು. ಅರ್ಧ ಪ್ಲಾಟು ನೆಲಕ್ಕಂಟಿತ್ತು. ಪಾರಿಸಣ್ಣ ಮಾತ್ರ ಕದಲಲಿಲ್ಲ, ತುಟಿ ಪಿಟಕ್ಕೆನ್ನಲಿಲ್ಲ.

"ಹೊಲ ಬೋಳಾಗಾಕತ್ರೂ ಅಳ್ಳಾಡವಲ್ಲ ನೋಡವ್ವ," ಎಂದಳು ಕಸ್ತೂರೆವ್ವ, ಸೆರಗು ತಲೆಗೆಳೆದುಕೊಂಡು. "ಪುಣ್ಯಾ ಮಾಡೀ ನೀನು."

"ನನ್ನ ಪುಣ್ಯಾ ಅಲ್ಲಿ ಸುಲಿದು ಒಗದಾರ, ನೋಡ್ರಿ," ಎಂದ ಕುಸುಮ ಗಂಡನ ಕಡೆ ತಿರುಗಿದಳು. "ಬಾಯಿ ಬಿಡಬ್ಯಾಡ್ರಿ, ಡೈರ್‍ಯಾಗ ಬರದೀರಿ. ಎದ್ದು ಹೋಗಿ ಅವನ ಕೈ ಹಿಡೀಬ್ಯಾಡಂತ ಯಾವ ಡೈರ್‍ಯಾಗ ಐತಿ? ಅಣ್ಣಗ ಏನು ಹೇಳ್ಲಿ ನಾ?"

ಅಷ್ಟರಲ್ಲಿ ಪಾರಿಸಣ್ಣನ ಮೊಬೈಲು ಕಿಣಿಕಿಣಿಸಿತು. ನಲವತ್ತೆಂಟು ನಿಮಿಷ ಮುಗಿದಿತ್ತು. ಮೌನ ಒಡೆದ ಮೇಲಿನ ಮೊದಲ ನುಡಿಗಾಗಿ ಗ್ಯಾಂಗಿನವರೆಲ್ಲ ಹತ್ತಿರ ಸರಿದರು. ನಾಮದೇವ ಟೊಪ್ಪಿಗೆ ತೆಗೆದ. ಧೂಳಪ್ಪ ಬದುವಿನ ಕೆಳಗೆ ಮಂಡಿಯೂರಿ ಕೇಳಿದ:

"ಅಣ್ಣಾ, ಕಣ್ಣ ಮುಂದ ಇಷ್ಟು ಲುಕ್ಸಾನಾದ್ರೂ ಆಸನ ಬಿಟ್ಟು ಏಳಲಿಲ್ಲಲ್ಲ. ಇಂಥಾ ಗಟ್ಟಿ ಮನಸು ಹೆಂಗ ಬಂತು?"

ಪಾರಿಸಣ್ಣ ಜೀವಮಾನದಲ್ಲೇ ಮೊದಲ ಬಾರಿ ಮೆಲ್ಲಗೆ ಮಾತಾಡಿದ.

"ಎರಡೂ ಕಾಲು ಜೋಮು ಹಿಡದಾವೋ ಧೂಳಪ್ಪಾ. ಮೊದಲು ಎಬ್ಬಿಸು."