ಸರ್ವೆ ಮಾಡೋನು ಕತೆ ಬರೆದದ್ದು

ನಲವತ್ತು ದಾಟಿದ ಮೇಲೆ ಸೈಕಲ್ ಕಲಿಯೋಕೆ ಹೋದವನೂ ಕತೆ ಬರೆಯೋಕೆ ಕೂತವನೂ ಬೀಳೋದು ಊರಿನವರ ಕಣ್ಣೆದುರಿಗೇ. ಸೈಕಲ್ ನಾನು ಚಿಕ್ಕಂದಿನಲ್ಲೇ ಕಲಿತಿದ್ದೆ. ಕತೆಗೆ ಕೈಹಾಕಿದ್ದು ನಲವತ್ತೆರಡಕ್ಕೆ, ಎಪ್ಪತ್ತರ ದಶಕದ ಕೊನೆಯಲ್ಲಿ, ಕುಣಿಗಲ್ಲಿನಲ್ಲಿ ಸರ್ವೆಯರ್ ಆಗಿದ್ದಾಗ. ಅಷ್ಟು ವರ್ಷ ಬೇರೆಯವರ ಜಮೀನು ಅಳೆದು, ಅವರ ಹೆಸರು ಬರೆದೂ ಬರೆದೂ, ನನ್ನ ಹೆಸರನ್ನೂ ಒಂದು ಸಲ ಅಚ್ಚಿನಲ್ಲಿ ನೋಡಬೇಕು ಅನ್ನೋ ಆಸೆ ಹತ್ತಿಬಿಟ್ಟಿತ್ತು. ಹಸಿವಿನ ಹಾಗೆ, ಹೇಳಿಕೊಳ್ಳೋಕೆ ನಾಚಿಕೆ, ಬಿಡೋಕೂ ಆಗದು.

ಚೆಕ್ಕುಬಂದಿ

ಮೊದಲ ಕತೆ, ಬಾವಿಕಟ್ಟೆಯ ಮೇಲೆ ಕೂತು ಗಂಡನಿಗೆ ಕಾಯುವ ಹೆಂಗಸಿನದು. ಹದಿನೈದು ದಿನ ಒದ್ದಾಡಿ ಬರೆದು, ಬೆಂಗಳೂರಿನ ಒಂದು ವಾರಪತ್ರಿಕೆಗೆ ಕಳಿಸಿದೆ. ಸಂಪಾದಕರು ತಮ್ಮ ಕೈಯಾರೆ ಉತ್ತರ ಬರೆದಿದ್ದರು:

"ಬಾವಿಯ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗಾಡಿದಾರಿ, ಉತ್ತರಕ್ಕೆ ಹುಣಸೆಮರ, ದಕ್ಷಿಣಕ್ಕೆ ಬೇಲಿ. ಚೆಕ್ಕುಬಂದಿಯ ಬಗ್ಗೆ ನಮ್ಮ ತಕರಾರಿಲ್ಲ. ಆಕೆ ಅಳುತ್ತಿದ್ದಳೋ ನಗುತ್ತಿದ್ದಳೋ, ಅದೊಂದನ್ನು ತಿಳಿಸಿ."

ಅಂಚೆ ಇಲಾಖೆಯ ಪ್ರಗತಿ

ಆಮೇಲೆ ಮನುಷ್ಯರನ್ನೂ ಹಾಕಿ ಬರೆದೆ. ಕಳಿಸಿದ್ದೆಲ್ಲ ವಾಪಸ್ಸು ಬರುತ್ತಿತ್ತು. ಬೆಳಗ್ಗೆ ಹತ್ತರ ಹೊತ್ತಿಗೆ ಪೋಸ್ಟ್‌ಮ್ಯಾನ್ ನಮ್ಮ ಬೀದಿಗೆ ತಿರುಗಿದರೆ ಸಾಕು, ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ತೆಳು ಕವರ್ ಬಂದರೆ ಒಪ್ಪಿಗೆ, ದಪ್ಪ ಕವರ್ ಬಂದರೆ ಕತೆಯೇ ವಾಪಸ್ಸು. ಒಂದು ದಿನ ಅವನು ದೂರದಿಂದಲೇ ನಗುತ್ತಾ ಬಂದ. ನಾನು ಗೇಟಿಗೇ ಓಡಿದೆ. ದಪ್ಪ ಕವರ್ ಕೈಗಿಟ್ಟು ಹೆಮ್ಮೆಯಿಂದ ಹೇಳಿದ:

"ಹೋದ್ಸಲ ಒಂದ್ ತಿಂಗ್ಳು ಆಗಿತ್ತು ಸಾರ್. ಈ ಸಲ ನೋಡಿ, ಎಂಟೇ ದಿನಕ್ಕೆ ವಾಪಸ್ ತಂದ್ಬಿಟ್ಟಿದೀವಿ!"

ಬದು

ಗುಬ್ಬಿಗೆ ವರ್ಗವಾದ ಮೇಲೆ ಕಡಬದ ಹತ್ತಿರ ಅಣ್ಣತಮ್ಮಂದಿರ ಬದುವಿನ ಜಗಳ ಬಗೆಹರಿಸೋಕೆ ಹೋಗಿದ್ದೆ. ಅಳತೆ ಮುಗಿಸಿ ಹೊಂಗೆಮರದ ಕೆಳಗೆ ಕೂತಾಗ ಒಂದು ಕತೆ ಹೊಳೆಯಿತು, ಬರೆಯತೊಡಗಿದೆ. ಇವರು ಜಮೀನಿನ ತೀರ್ಮಾನವನ್ನೇ ಬರೀತಿದ್ದಾರೆ ಅಂದುಕೊಂಡು ಇಬ್ಬರೂ ಪೈಪೋಟಿಯ ಮೇಲೆ ಎಳನೀರು ಕೆತ್ತಿ ತಂದರು.

"ಅದೇನ್ ಬರ್ದಿದೀರೋ ಓದ್ಬುಡಿ ಸ್ವಾಮಿ," ಅಂದ ಅಣ್ಣ.

ಓದಿದೆ. ಒಂದೇ ಕಂಬಳಿ ಹೊದ್ದು ಬೆಳೆದ ಇಬ್ಬರು ಹುಡುಗರು ದೊಡ್ಡವರಾಗಿ ಮಾತು ಬಿಟ್ಟ ಕತೆ. ಇಬ್ಬರೂ ತಲೆತಗ್ಗಿಸಿ ಕೂತರು. ಅಣ್ಣ ಟವಲ್ಲಿನಿಂದ ಕಣ್ಣೊರೆಸಿಕೊಂಡ. ಅಷ್ಟು ವರ್ಷ ಹಂಬಲಿಸಿದ್ದು ಇದಕ್ಕೇ ಅಲ್ಲವೇ! ಆಗ ತಮ್ಮ ನಿಟ್ಟುಸಿರು ಬಿಟ್ಟು ಹೇಳಿದ:

"ಸಂದಾಗೈತೆ ಸ್ವಾಮಿ. ಈಗ ಬದು ಯಾರ್ದು, ಅದನ್ ಹೇಳಿ."

ಅಚ್ಚಾದ ಕತೆ

ಕೊನೆಗೂ ನನ್ನ ನಲವತ್ತೇಳನೇ ವಯಸ್ಸಿನಲ್ಲಿ ಒಂದು ಕತೆ ಅಚ್ಚಾಯಿತು. ಬಸ್ ನಿಲ್ದಾಣಕ್ಕೆ ದಿನಾ ಬಂದು, ತುಮಕೂರಿನ ಬಸ್ಸಿಂದ ಮಗ ಇಳಿಯುತ್ತಾನೋ ಎಂದು ನೋಡಿ ಹೋಗುವ ತಾಯಿಯ ಕತೆ. ಪತ್ರಿಕೆ ಬಗಲಲ್ಲಿಟ್ಟುಕೊಂಡು ನಮ್ಮೂರು ಬೆಳ್ಳಾವಿಗೆ ಹೋದೆ. ಅಲ್ಲಿ ನನ್ನ ಅಣ್ಣನ ಮನೆಯಲ್ಲಿ ಅಮ್ಮ ಇದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ನನ್ನ ಹೆಸರಿನ ಮೇಲೆ ಅವಳ ಬೆರಳಿಟ್ಟು ತೋರಿಸಿದೆ. ಆ ಅಕ್ಷರಗಳನ್ನು ಮಗುವಿನ ಕೆನ್ನೆ ಸವರಿದ ಹಾಗೆ ಸವರಿದಳು.

"ಓದ್ಲಾ ಮಗಾ."

ಜಗಲಿಯ ಮೇಲೆ ಕೂತು ಓದಿದೆ. ಅಮ್ಮ ಅವರೆಕಾಯಿ ಬಿಡಿಸೋದು ನಿಲ್ಲಿಸಿದಳು. ಮುಗಿಯುವಷ್ಟರಲ್ಲಿ ಸೆರಗು ಕಣ್ಣಿಗೆ ಹೋಗಿತ್ತು.

"ಅಯ್ಯೋ ಪಾಪ! ಬರಾಕ್ ಆಗ್ದಿದ್ರೆ ಹೋಗ್ಲಿ, ಅವಳ ಮಗ ಒಂದ್ ಕಾಗ್ದನಾದ್ರೂ ಹಾಕ್ಬಾರ್ದಾ?"

ನಾನು ಪತ್ರಿಕೆ ಮಡಚಿಟ್ಟೆ. ಊರಿಗೆ ನಾನು ಹಿಂದಿನ ಸಲ ಬಂದು ಎರಡು ವರ್ಷವಾಗಿತ್ತು. ಸಂಪಾದಕರಿಗೆ ತಿಂಗಳಿಗೆ ಎರಡು ಕಾಗದ ಹಾಕುತ್ತಿದ್ದವನು ಅಮ್ಮನಿಗೆ ಒಂದು ಕಾರ್ಡನ್ನೂ ಗೀಚಿರಲಿಲ್ಲ.

ಅಮ್ಮ ಮೊರ ಮತ್ತೆ ಹತ್ತಿರಕ್ಕೆಳೆದುಕೊಂಡಳು. ನನ್ನ ಮುಖ ನೋಡದೆ, ಒಂದೊಂದೇ ಕಾಯಿ ಸುಲಿಯುತ್ತಾ ಅಂದಳು:

"ಹೋಗ್ಲಿ ಬುಡು, ಅವನಿಗೂ ಪುರುಸೊತ್ತು ಸಿಕ್ಕಿರಾಕಿಲ್ಲ. ಎಲ್ಲೋ ಕೂತು ಕತೆ ಬರೀತಿದ್ನೇನೋ!"