ಕಲ್ಲಿಗೆ ಜನ ಬೇಕಾಗಿದ್ದಾರೆ

ಸರ್ಕಾರಕ್ಕೆ ದುಡ್ಡು ಸಾಲದು ಅನ್ನುವುದು ಯೋಗರಾಜನಿಗೆ ಹೊಸ ಸುದ್ದಿಯೇನಲ್ಲ. ಆದರೆ ಆ ಬಡತನ ಮಲವಗೊಪ್ಪದ ವೀರಗಲ್ಲಿನ ತನಕ ಬಂದೀತೆಂದು ಅವನು ಎಣಿಸಿರಲಿಲ್ಲ. ಯಾರೂ ನೋಡಲು ಬಾರದ ಹಳೇ ಕಲ್ಲುಗಳನ್ನು ಪುರಾತತ್ವ ಇಲಾಖೆ ತನ್ನ ಪಟ್ಟಿಯಿಂದ ಕೈಬಿಡುತ್ತದಂತೆ. ಸುತ್ತಲಿನ ಸರ್ಕಾರಿ ಜಾಗ ಹರಾಜಿಗಂತೆ. ಪರಿಶೀಲನೆಗೆ ಶಿವಮೊಗ್ಗದಿಂದ ಅಧಿಕಾರಿ ಬರುವುದು ಇವತ್ತು ಸಂಜೆಯೇ.

ಆ ಕಲ್ಲನ್ನು ನೋಡಲೆಂದು ಬರುತ್ತಿದ್ದವನು ಯೋಗರಾಜ ಒಬ್ಬನೇ. ಭದ್ರಾವತಿಯ ಸೊಸೈಟಿಯೊಂದರಲ್ಲಿ ಗುಮಾಸ್ತನಾದ ಅವನು ಮನೆಗೆ ಮರಳುವಾಗ ದಿನಾ ಸ್ಕೂಟರ್ ನಿಲ್ಲಿಸಿ ಅದರೆದುರು ನಿಲ್ಲುತ್ತಿದ್ದ. ಕೆಳಗೆ ದನಗಳ್ಳರ ಜೊತೆ ಬಡಿದಾಡುವ ವೀರ, ಅದರ ಮೇಲೆ ಅವನನ್ನು ತೋಳು ಹಿಡಿದು ಒಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗ, ಸೂರ್ಯ, ಚಂದ್ರ. ಯಾರೋ ಒಬ್ಬ ಊರಿನ ಹಸುಗಳಿಗಾಗಿ ಸತ್ತ, ಊರು ಅವನನ್ನು ಮರೆಯಬಾರದೆಂದು ಕಲ್ಲಿನಲ್ಲಿ ಕೆತ್ತಿಸಿತು. ಅದನ್ನು ನೆನೆದಾಗಲೆಲ್ಲ ಯೋಗರಾಜನ ಮೈ ಜುಂ ಅನ್ನುತ್ತಿತ್ತು.

ಬೆಳಗ್ಗೆಯೇ ಅವನು ಪಕ್ಕದ ಮನೆಯ ವಸಂತಮ್ಮನ ಬಾಗಿಲು ತಟ್ಟಿದ. ಊರಿನ ಮಹಿಳಾ ಸಂಘ ಆಕೆಯ ಅಂಗೈಯಲ್ಲಿತ್ತು.

"ಸಂಜೆ ಒಂದ್ ಹತ್ ಜನ ಬಂದು ಕಲ್ಲು ನೋಡ್ತಾ ನಿಂತ್ರೆ ಸಾಕು ವಸಂತಮ್ಮ. ಅದು ಉಳ್ಕೊಳ್ಳುತ್ತೆ."

"ಕಲ್ಲು ನೋಡೋಕೆ ಯಾರ್ ಬರ್ತಾರೆ ಮಾರಾಯ? ಹೋಗ್ಲಿ, ನಿಂಗೆ ಜನ ತಾನೇ ಬೇಕು? ನಂಗ್ ಬಿಡು. ನೀನು ಆರಾಮಾಗಿ ಡ್ಯೂಟಿಗೆ ಹೋಗು."

ವಸಂತಮ್ಮನ ಬಾಯಲ್ಲಿ 'ಸಾಕು' ಎಂಬ ಮಾತನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಯೋಗರಾಜನಿಗೆ ಅದು ಆಗಲೇ ನೆನಪಾಗಬೇಕಿತ್ತು.

ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಪಕ್ಕದ ಮೇಜಿನ ಪುಷ್ಪಮ್ಮ ಕೇಳಿದರು, "ನಿಮ್ ಮಲವಗೊಪ್ಪದಲ್ಲಿ ದೇವ್ರು ಎದ್ದಿದೆಯಂತೆ? ಹರಕೆ ಹೊತ್ರೆ ಕಳೆದ ದನ ಸಿಗುತ್ತಂತೆ. ದನ ಇಲ್ದಿದ್ದೋರ್ಗೆ ಮೊಬೈಲೂ ಸಿಗುತ್ತಂತೆ. ನಮ್ ಬೀದಿಯೋರು ಆಗ್ಲೇ ಆಟೋ ಹತ್ತಿದ್ರು!"

ಯೋಗರಾಜ ತೆರೆದ ಡಬ್ಬಿಯನ್ನು ಹಾಗೇ ಮುಚ್ಚಿದ. ಅರ್ಧ ದಿನ ರಜೆ ಹಾಕಿ ಸ್ಕೂಟರ್ ಓಡಿಸಿದ. ಊರು ಹತ್ತಿರವಾಗುವಾಗಲೇ ರಸ್ತೆಯ ಅಂಚಿಗೆ ವಾಹನಗಳ ಸಾಲು. ತೆಂಗಿನಕಾಯಿ ಅಂಗಡಿ, ಚುರುಮುರಿ ಗಾಡಿ, ಮೈಕು. ವೀರನಿಗೆ ಜರಿ ಶಲ್ಯ ಹೊದಿಸಿ, ಬೆಳ್ಳಿ ಕಣ್ಣು ಅಂಟಿಸಿ, ಕಲ್ಲಿನ ನೆತ್ತಿಯಿಂದ ಬುಡದ ತನಕ ಎಣ್ಣೆ ಸುರಿದಿದ್ದರು.

"ವಸಂತಮ್ಮ! ನಾನು ಹೇಳಿದ್ದು ನೋಡೋಕೆ!"

"ಬರೀ ಕೈಲಿ ಬಂದು ನೋಡೋಕಾಗುತ್ತಾ ಮಾರಾಯ?"

ಹಳೇ ಕಲ್ಲಿಗೆ ಎಣ್ಣೆ ಸುರಿದವರ ಮೇಲೆ ಅಧಿಕಾರಿ ಕೇಸು ಹಾಕುವುದು ಖಂಡಿತ ಎಂದುಕೊಂಡು ಅವನು ಜನರ ನಡುವೆ ನುಸುಳಿ, ಎಣ್ಣೆ ಒರೆಸಲೆಂದು ಕರ್ಚೀಫು ತೆಗೆದು, ಕಲ್ಲಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ. ಕೂತವನು ಸಂಜೆಯಾದರೂ ಹಾಗೇ ಉಳಿದ.

ಧೂಳು ಮೆತ್ತಿ ಬೂದುಬಣ್ಣವಾಗಿದ್ದ ಕಲ್ಲು ಎಣ್ಣೆ ಕುಡಿದು ಕಪ್ಪಗೆ ಹೊಳೆಯುತ್ತಿತ್ತು. ದೀಪದ ಬೆಳಕಿನಲ್ಲಿ ಹಸುಗಳ ಕೊರಳ ಗಂಟೆ ಕೂಡ ಎದ್ದು ಕಂಡಿತು. ಕೆಳಗಿನ ಮೂಲೆಯಲ್ಲಿ, ಪಾಚಿ ಉದುರಿದ ಕಡೆ, ಇಷ್ಟು ವರ್ಷ ಅವನು ಕಾಣದಿದ್ದ ಒಬ್ಬ ಹೆಂಗಸು. ಹೆಬ್ಬೆರಳಿನಷ್ಟೇ ಎತ್ತರ. ಸೊಂಟದ ಮೇಲೆ ಕೊಡವಿಟ್ಟು, ಸೆರಗು ಹಾರಿಸಿಕೊಂಡು ವೀರನ ಹಿಂದೆ ಓಡುತ್ತಿದ್ದಳು. ವೀರನಿಗೆ ಬಾಯಾರಿರಬಹುದೆಂದು ನೂರಾರು ವರ್ಷಗಳ ಹಿಂದೆ ಯಾರೋ ನೀರು ತಂದಿದ್ದರು. ಅದನ್ನೂ ಬಿಡದೆ ಶಿಲ್ಪಿ ಕೆತ್ತಿದ್ದ. ಯೋಗರಾಜನ ಕಣ್ಣು ತುಂಬಿತು.

"ಎಂಥಾ ಕೆತ್ತನೆ!" ಎಂದು ಯಾರೋ ಹಿಂದಿನಿಂದ ಉಸುರಿದರು. ಪರಿಶೀಲನೆಗೆ ಬಂದ ಅಧಿಕಾರಿ, ಅವನಿಗೆ ಮೊದಲೇ ಪರಿಚಯವಿದ್ದ ಇಲಾಖೆಯ ರಶ್ಮಿ ಮೇಡಂ. ಚಪ್ಪಲಿ ಬಿಟ್ಟು, ಬಗ್ಗಿ, ಅವರೂ ಆ ಹೆಂಗಸನ್ನೇ ನೋಡುತ್ತಿದ್ದರು.

ಆಮೇಲೆ ಮೇಡಂ ಎದ್ದು ಜನಸಾಗರವನ್ನು ನೋಡಿದರು. "ಇಷ್ಟು ಜನ ಸೇರೋ ಜಾಗ ಹರಾಜು ಹಾಕೋ ಧೈರ್ಯ ಯಾರಿಗಿದೆ? ಜಾಗ ಉಳೀತು ಯೋಗರಾಜ್."

ಚಪ್ಪಾಳೆ ಬಿತ್ತು. ಯೋಗರಾಜನಿಗೆ ಕುಣಿಯುವಷ್ಟು ಖುಷಿ.

"ಆದ್ರೆ ಇಷ್ಟು ಜೋರಾಗಿ ಪೂಜೆ ನಡೆಯೋ ದೇವ್ರನ್ನ ನಮ್ ಪಟ್ಟೀಲಿ ಇಟ್ಕೊಳ್ಳಲ್ಲ. ಇನ್ಮೇಲೆ ಊರಿನೋರೇ ನೋಡ್ಕೊಳ್ಳಿ. ನಮಗೂ ಒಂದು ಖರ್ಚು ಕಡಿಮೆ ಆಯ್ತು."

ಅಷ್ಟರಲ್ಲಿ ಶಿವಮೊಗ್ಗದ ವರ್ತಕ ಷಡಕ್ಷರಪ್ಪನವರು ಮೈಕು ಹಿಡಿದರು. "ಬುಡಕ್ಕೆಲ್ಲ ಎಣ್ಣೆ ಜಿಡ್ಡು ಹಿಡಿಯುತ್ತೆ. ಮೊಣಕಾಲೆತ್ತರಕ್ಕೆ ಕಲ್ಲಿನ ಮೇಲೇ ಸುತ್ತ ಟೈಲ್ಸ್ ಕೂರಿಸೋ ಸೇವೆ ನಂದು. ನಾಳೆನೇ ಮೇಸ್ತ್ರಿ ಬರ್ತಾನೆ!"

"ಬೇಡಿ ಸ್ವಾಮಿ! ಅಲ್ಲೊಬ್ಳು ಹೆಂಗಸಿದಾಳೆ!" ಎಂದು ಯೋಗರಾಜ ಕೂಗಿದ. ಜನ ಅತ್ತಿತ್ತ ನೋಡಿದರು. "ದೇವ್ರ ಕೆಲ್ಸಕ್ಕೆ ಅಡ್ಡ ಬರ್ಬೇಡ" ಎಂದು ವಸಂತಮ್ಮ ಗದರಿದರು. ಅವನು ಮೇಡಂ ಕಡೆ ತಿರುಗಿದ. ಅವರು ಮುಖ ಸಣ್ಣದು ಮಾಡಿಕೊಂಡು ಚಪ್ಪಲಿ ಮೆಟ್ಟುತ್ತಿದ್ದರು. "ಈಗ ಅದು ನಮ್ದಲ್ವಲ್ಲ ಯೋಗರಾಜ್."

ಷಡಕ್ಷರಪ್ಪನವರು ಪ್ರೀತಿಯಿಂದ ಅವನ ಹೆಗಲ ಮೇಲೆ ಕೈಯಿಟ್ಟರು. "ಈ ಕಲ್ಲಿನ ವಿಚಾರ ನಿಮ್ಗೇ ಚೆನ್ನಾಗ್ ಗೊತ್ತಂತಲ್ಲ. ಟೈಲ್ಸು ಯಾವ್ ಬಣ್ಣ ಇರ್ಲಿ, ನೀವೇ ಹೇಳಿ."

ಯೋಗರಾಜ ಕೊನೆಯ ಸಲ ಆ ಪುಟ್ಟ ಹೆಂಗಸನ್ನು ನೋಡಿದ. ಅವಳಿನ್ನೂ ಓಡುತ್ತಲೇ ಇದ್ದಳು.

"ಹಾಕ್ಲೇಬೇಕು ಅಂದ್ರೆ... ಕಲ್ಲಿನ ಬಣ್ಣದ್ದೇ ಹಾಕ್ಸಿ" ಎಂದ.

"ಛೆ ಛೆ, ಅದು ಬೇಡ," ಎಂದರು ಷಡಕ್ಷರಪ್ಪನವರು. "ಕಲ್ಲಿನ ಥರ ಕಾಣುತ್ತೆ."